ಹದಿನಾಲ್ಕನೆಯ ಅಂಶದ ಮೇಜು

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಮಕ್ಕಳ ರಕ್ಷಣಾ ಕಚೇರಿಯ ಕ್ಷೇತ್ರಾಧಿಕಾರಿ ಅದೇ ಮೇಜನ್ನು ಮೂರನೆಯ ಮನೆಯಲ್ಲೂ ನೋಡಿದರು.

ನೀಲಿ ಬಣ್ಣದ ಮೇಜು. ಎತ್ತರ ಎರಡು ಅಡಿ, ಒಂದು ಡ್ರಾಯರ್, ಡ್ರಾಯರಿಗೆ ಹಿಡಿ ಇಲ್ಲ. ಮೊದಲ ಮನೆಯಲ್ಲಿ ಹತ್ತೂ ಇಪ್ಪತ್ತಕ್ಕೆ ಅದರ ಮೇಲೆ ಕಾಗದವಿಟ್ಟು ಸಹಿ ಹಾಕುವಾಗ ಅವರ ಪೆನ್ನು ಸೋರಿ ಬಲಮೂಲೆಯಲ್ಲಿ ಕಪ್ಪು ಕಲೆಯಾಗಿತ್ತು. ಅವರೇ ಕಾಗದದ ಚೂರಿನಿಂದ ಒರೆಸಿದ್ದರು. ಎರಡನೆಯ ಮನೆಯಲ್ಲಿ ಮೇಜಿಗೆ ಹೂವಿನ ಚಿತ್ರದ ಬಟ್ಟೆ ಹಾಸಿದ್ದರಿಂದ ಅನುಮಾನ ಬರಲಿಲ್ಲ. ಮೂರನೆಯ ಮನೆಯಲ್ಲಿ ಬಟ್ಟೆ ಹಾಸಲು ಯಾರಿಗೂ ಪುರಸೊತ್ತು ಸಿಕ್ಕಿರಲಿಲ್ಲ. ಕಲೆ ಅಲ್ಲೇ ಇತ್ತು. ಅದಕ್ಕೆ ಅಂಟಿಕೊಂಡಿದ್ದ ಕಾಗದದ ಚೂರೂ ಇತ್ತು.

ಒಂದೇ ಸಾಲಿನ ಹನ್ನೆರಡು ಮನೆಗಳ ವಠಾರ ಅದು. ಪ್ರತಿ ಮನೆಗೂ ಒಂದೇ ಕೋಣೆ. ಮುಂಬಾಗಿಲು ರಸ್ತೆಗೆ, ಹಿಂಬಾಗಿಲುಗಳೆಲ್ಲ ಒಂದೇ ಅಂಗಳಕ್ಕೆ. ಅಪ್ಪ ಅಮ್ಮ ಇಲ್ಲದೆ ಬಂಧುಗಳ ಆರೈಕೆಯಲ್ಲಿ ಬೆಳೆಯುತ್ತಿದ್ದ ಮೂರು ಮಕ್ಕಳು ಆ ಸಾಲಿನಲ್ಲೇ ಇದ್ದರು. ಸರ್ಕಾರದ ನೀತಿಯ ಪ್ರಕಾರ ಇಂಥ ಮಗು ಬಂಧುಗಳ ಮನೆಯಲ್ಲಿ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಮನೆ ತಪಾಸಣೆ ಆಗಬೇಕು. ತಪಾಸಣೆಯ ಫಾರಂನಲ್ಲಿ ಇಪ್ಪತ್ತೆರಡು ಅಂಶಗಳಿದ್ದವು. ಎಲ್ಲಕ್ಕೂ ‘ಹೌದು’ ಬರಬೇಕು. ಒಂದಕ್ಕೆ ‘ಇಲ್ಲ’ ಎಂದು ಒತ್ತಿದರೂ ಟ್ಯಾಬ್ಲೆಟ್ಟು ಯಾರನ್ನೂ ಕೇಳದೆ ಸ್ಥಳಾಂತರ ಪತ್ರ ತಯಾರಿಸುತ್ತಿತ್ತು. ಮಗುವನ್ನು ನಲವತ್ತು ಕಿಲೋಮೀಟರ್ ದೂರದ ಸರ್ಕಾರಿ ಬಾಲಗೃಹಕ್ಕೆ ಸೇರಿಸುವ ಪತ್ರ ಅದು. ಹದಿನಾಲ್ಕನೆಯ ಅಂಶ: ಮಗುವಿಗೆ ಮನೆಯಲ್ಲಿ ಪ್ರತ್ಯೇಕ ಓದುವ ಮೇಜು ಇದೆಯೇ? ಫೋಟೊ ಕಡ್ಡಾಯ.

ಹದಿನೈದರಿಂದ ಮುಂದಿನ ಪ್ರಶ್ನೆಗಳನ್ನು ಮಗುವಿನ ಕಿವಿಗೆ ಬೀಳದಂತೆ ಮುಂಬಾಗಿಲ ಹೊರಗೆ ನಿಂತು ನೆರೆಯವರನ್ನು ಕೇಳಬೇಕೆಂಬ ನಿಯಮವಿತ್ತು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಹಿಂಬಾಗಿಲಿನಿಂದ ಮೇಜು ಸಾಗಿಸಲು ಎರಡು ನಿಮಿಷ ಸಾಕು. ಮೇಜು ಏಳನೇ ಮನೆಯ ಬಡಗಿಯದು. ಅವರ ಮಗಳು ಕಾಲೇಜು ಸೇರಿದ ಮೇಲೆ ಅದಕ್ಕೆ ವರ್ಷಕ್ಕೊಂದು ಗುರುವಾರ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ.

ಮೂರನೆಯ ಮನೆಯಲ್ಲಿದ್ದವರು ದರ್ಜಿ ಕೆಲಸದ ಅಜ್ಜಿ ಮತ್ತು ಒಂಬತ್ತು ವರ್ಷದ ಮೊಮ್ಮಗಳು. ಎರಡು ವರ್ಷದ ಹಿಂದೆ ಬಸ್ ಅಪಘಾತದಲ್ಲಿ ಹುಡುಗಿಯ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಅವಳು ಅಜ್ಜಿಯ ಹತ್ತಿರವೇ ಇದ್ದಳು. ಎಲ್ಲರ ಮಾತಿಗೂ ಎದುರು ಪ್ರಶ್ನೆ ಹಾಕುವುದರಿಂದ ವಠಾರದವರು ಅವಳನ್ನು ಲಾಯರಮ್ಮ ಎಂದು ಕರೆಯುತ್ತಿದ್ದರು.

“ಈ ಮೇಜು ಯಾರದು?” ಅಧಿಕಾರಿ ಕೇಳಿದರು.

ಅಜ್ಜಿ ಬಾಯಿ ತೆರೆಯುವ ಮೊದಲೇ ಲಾಯರಮ್ಮ ಹೇಳಿದಳು: “ಈಗ ನಂದು, ಆಂಟಿ.”

“ಈಗ ಅಂದ್ರೆ?”

“ಈಗ ಅಂದ್ರೆ ಈಗ.”

“ಬೆಳಿಗ್ಗೆ ಯಾರದಾಗಿತ್ತು?”

“ಫಾರಂನಲ್ಲಿ ಆ ಪ್ರಶ್ನೆ ಇದೆಯಾ?”

“ಇಲ್ಲ.”

“ಮತ್ತೆ ಯಾಕೆ ಕೇಳ್ತೀರಾ?”

“ಬಾಯಿ ಮುಚ್ಚೇ,” ಅಜ್ಜಿ ಗದರಿದರು. “ಮೇಡಂ, ಅವಳ ಮಾತಿಗೆ ಕಿವಿ ಕೊಡಬೇಡಿ. ಟೀ ತಗೊಳ್ಳಿ.”

“ಆಗಲೇ ಎರಡು ಮನೇಲಿ ಕುಡಿದಾಗಿದೆ, ಅಜ್ಜಿ.”

“ಗೊತ್ತು. ಅದಕ್ಕೇ ಇದಕ್ಕೆ ಸಕ್ಕರೆ ಕಡಿಮೆ ಹಾಕಿದೀನಿ.”

ಮುಚ್ಚಿದ್ದ ಹಿಂಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಜೊತೆ ಚಪ್ಪಲಿ ಕಾಣುತ್ತಿದ್ದವು. ಅವುಗಳಲ್ಲಿ ಕಾಲುಗಳೂ ಇದ್ದವು. ಅಧಿಕಾರಿ ಬಾಗಿಲು ತೆಗೆದರು. ಬೆವರು ಒರೆಸಿಕೊಳ್ಳುತ್ತಿದ್ದ ಬಡಗಿ, ಪಕ್ಕದಲ್ಲಿ ಅವರ ಹೆಂಡತಿ.

“ಇಲ್ಲೇನು ಮಾಡ್ತಿದೀರಿ?”

“ಸುಮ್ನೆ ಗಾಳಿಗೆ ನಿಂತಿದ್ವಿ, ಮೇಡಂ,” ಬಡಗಿ ಹೇಳಿದರು.

“ಮೇಜು ಹೊತ್ಕೊಂಡು?”

“ಅದಕ್ಕೂ ಸ್ವಲ್ಪ ಗಾಳಿ ಆಡ್ಲಿ ಅಂತ.”

ಅಧಿಕಾರಿ ನಗಲಿಲ್ಲ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವರು ಕಣ್ಣಿಗೆ ಕಾಣದ್ದನ್ನು ಬರೆದವರಲ್ಲ. ವಠಾರದಲ್ಲಿ ಅವರಿಗೆ ‘ಪಟ್ಟಿ ಮೇಡಂ’ ಎಂಬ ಹೆಸರು ಬಂದದ್ದೂ ಅದಕ್ಕೇ. ಮೊದಲೆರಡು ಮನೆಗಳ ಫಾರಂಗಳಿಗೆ ‘ಹೌದು’ ಒತ್ತಿ, ಫೋಟೊ ಸಮೇತ ಆಗಲೇ ಕಳಿಸಿಬಿಟ್ಟಿದ್ದರು. ಈಗ ಮೂರನೆಯದಕ್ಕೆ ‘ಹೌದು’ ಒತ್ತಿದರೆ ಗೊತ್ತಿದ್ದೂ ಸುಳ್ಳು ಬರೆದಂತೆ. ‘ಇಲ್ಲ’ ಒತ್ತಿದರೆ ಹೊರಗೆ ಜೀಪು ಸಿದ್ಧವಿತ್ತು.

ಹುಡುಗಿಗೂ ಅದು ಗೊತ್ತಿತ್ತು. ಅವಳು ಜೀಪಿನ ಕಡೆ ನೋಡಿ ಅಜ್ಜಿಯ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆದರೂ ಕೇಳಿದಳು: “ಆಂಟಿ, ಬಾಲಗೃಹದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮೇಜು ಕೊಡ್ತಾರಾ?”

ಬಾಲಗೃಹದಲ್ಲಿ ಅರವತ್ತೆರಡು ಮಕ್ಕಳಿಗೆ ಎಂಟು ಉದ್ದನೆಯ ಬೆಂಚುಗಳಿದ್ದವು. ಅಧಿಕಾರಿಗೆ ಆ ಸಂಖ್ಯೆ ಬಾಯಿಪಾಠವಾಗಿತ್ತು.

“ನೆಟ್‌ವರ್ಕ್ ಸಿಗ್ತಿಲ್ಲ,” ಎಂದು ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿದರು.

“ನಾಲ್ಕೂ ಗೆರೆ ಕಾಣ್ತಿತ್ತಲ್ಲ,” ಲಾಯರಮ್ಮ ಹೇಳಿದಳು.

ಅಜ್ಜಿ ಅವಳ ತಲೆಗೆ ಮೊಟಕಿದರು.

“ನಾಳೆ ಸಂಜೆ ಐದು ಗಂಟೆವರೆಗೂ ಟೈಮಿದೆ,” ಅಧಿಕಾರಿ ಬಾಗಿಲಲ್ಲಿ ನಿಂತು ಹೇಳಿದರು. “ಅಷ್ಟರೊಳಗೆ ಫಾರಂ ತುಂಬದಿದ್ರೆ ಕಂಪ್ಯೂಟರ್ ತಾನೇ ‘ಇಲ್ಲ’ ಅಂತ ಬರ್ಕೊಳ್ಳುತ್ತೆ. ಇವಳ ಹೇಳಿಕೆ ಬೇರೆ ಬಾಕಿ ಇದೆ. ಹನ್ನೊಂದಕ್ಕೆ ಆಫೀಸಿಗೆ ಕರ್ಕೊಂಡು ಬನ್ನಿ, ಅಜ್ಜಿ.”

“ಮೇಜೂ ತರಬೇಕಾ?” ಅಜ್ಜಿ ಕೇಳಿದರು. ತಮಾಷೆಗೋ ಭಯಕ್ಕೋ ತಿಳಿಯಲಿಲ್ಲ.

“ಬೇಡ,” ಎಂದರು ಅಧಿಕಾರಿ. ಆ ಮಾತು ನಾಲ್ಕು ಗಂಟೆ ಕಾಲ ಮಾತ್ರ ನಿಂತಿತು.

ಮಧ್ಯಾಹ್ನ ಮೂರೂವರೆಗೆ ಅವರು ಕಚೇರಿಗೆ ಹಿಂದಿರುಗಿದಾಗ ಅಧೀಕ್ಷಕರು ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದರು. ಗುಮಾಸ್ತ ಫೋನು ಹಿಡಿದು ಯಾರಿಗೋ ಬೈಯುತ್ತಿದ್ದ.

ವಿಷಯ ಇಷ್ಟು. ಹೊಸ ನೀತಿಯ ಪ್ರಕಾರ ಪ್ರತಿ ಮಕ್ಕಳ ರಕ್ಷಣಾ ಕಚೇರಿಯಲ್ಲೂ ಒಂದು ಮಕ್ಕಳಸ್ನೇಹಿ ಕೋಣೆ ಇರಬೇಕು. ಅದರಲ್ಲಿ ಬಣ್ಣದ ಚಾಪೆ, ಆಟಿಕೆ ಪೆಟ್ಟಿಗೆ, ನಾಲ್ಕು ಪುಟ್ಟ ಕುರ್ಚಿ, ಒಂದು ಪುಟ್ಟ ಮೇಜು ಇರಬೇಕು. ಮಕ್ಕಳನ್ನು ಅಲ್ಲೇ ಕೂರಿಸಿ ಹೇಳಿಕೆ ಪಡೆಯಬೇಕು. ಅಕ್ಕಪಕ್ಕದ ಮೂರು ಜಿಲ್ಲೆಗಳ ಕಚೇರಿಗಳಿಗೆ ಸೇರಿ ಇಂಥ ಸಾಮಾನಿನ ಒಂದೇ ಸೆಟ್ ಬಂದಿತ್ತು. ಮೇಲಿನವರು ಯಾವ ಕಚೇರಿಗೆ ಬರುತ್ತಾರೋ ಹಿಂದಿನ ದಿನ ಆ ಕಚೇರಿಗೆ ಸೆಟ್ ಹೋಗುತ್ತಿತ್ತು. ಮಿಕ್ಕ ದಿನಗಳಲ್ಲಿ ಕೋಣೆಗೆ ಬೀಗ. ಇದನ್ನು ಯಾರೂ ಆದೇಶ ಹೊರಡಿಸಿ ಮಾಡಿದ್ದಲ್ಲ. ಮೂವರು ಅಧೀಕ್ಷಕರು ಒಂದು ತರಬೇತಿಯ ಊಟದ ಬಿಡುವಿನಲ್ಲಿ ಮಾತಾಡಿಕೊಂಡದ್ದು.

ಶುಕ್ರವಾರ ಹನ್ನೊಂದಕ್ಕೆ ಕೇಂದ್ರ ಕಚೇರಿಯ ತಪಾಸಣಾಧಿಕಾರಿ ಇಲ್ಲಿಗೆ ಬರುವವರಿದ್ದರು. ಚಾಪೆ ಬಂದಿತ್ತು. ಕುರ್ಚಿ, ಆಟಿಕೆ ಬಂದಿದ್ದವು. ಮೇಜು ಬಂದಿರಲಿಲ್ಲ.

“ಪಕ್ಕದ ಜಿಲ್ಲೆಯವರು ಅದರ ಮೇಲೆ ನಿಂತು ಟ್ಯೂಬ್‌ಲೈಟ್ ಹಾಕಿದ್ರಂತೆ, ಸಾರ್,” ಗುಮಾಸ್ತ ಫೋನಿಟ್ಟು ವರದಿ ಕೊಟ್ಟ. “ಎರಡು ಕಾಲು ಮುರಿದಿದೆ.”

“ಯಾರದು?”

“ಮೇಜಿಂದು, ಸಾರ್.”

“ಅಯ್ಯೋ, ಅವರದ್ದಾದ್ರೂ ಮುರೀಬಾರದಿತ್ತಾ!” ಅಧೀಕ್ಷಕರು ಹಣೆ ಒತ್ತಿಕೊಂಡರು. “ಕ್ಯಾಂಟೀನ್ ಮೇಜು?”

“ನಮ್ಮ ಎದೆ ಎತ್ತರಕ್ಕಿದೆ, ಸಾರ್. ಮಕ್ಕಳು ಅದರ ಕೆಳಗೆ ಕೂತ್ಕೋಬೇಕಾಗುತ್ತೆ.”

ಆಗ ಕ್ಷೇತ್ರಾಧಿಕಾರಿ ಹೇಳಿದರು: “ನನಗೊಂದು ಮೇಜು ಗೊತ್ತು, ಸಾರ್. ಎರಡು ಅಡಿ ಎತ್ತರ. ಓಡಾಡಿ ಅಭ್ಯಾಸ ಇದೆ.”

ಬೇಕೆಂದೇ ಹೇಳಿದರೇ ಎಂದು ಗುಮಾಸ್ತ ಆಮೇಲೆ ಎಷ್ಟೋ ಸಲ ಕೇಳಿದ್ದುಂಟು. ಅವರು ಒಮ್ಮೆಯೂ ಉತ್ತರಿಸಲಿಲ್ಲ.

ಜೀಪು ಮತ್ತೆ ವಠಾರದ ಮುಂದೆ ನಿಂತಾಗ ಅಜ್ಜಿ ಬಾಗಿಲು ಹಾಕಿಕೊಂಡರು. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದಾರೆ ಎಂದೇ ತಿಳಿದಿದ್ದರು. ಮೇಜಿಗೆ ಬಂದದ್ದು ಎಂದು ಕಿಟಕಿಯಿಂದ ಮೂರು ಸಲ ಹೇಳಿಸಿಕೊಂಡ ಮೇಲೇ ಚಿಲಕ ತೆಗೆದದ್ದು.

“ಸರ್ಕಾರಕ್ಕೆ ಮೇಜಿಲ್ವಾ?” ಬಡಗಿ ಕಣ್ಣರಳಿಸಿದರು.

“ಒಂದು ದಿನದ ಮಟ್ಟಿಗೆ ಇಲ್ಲ.”

“ಹಾಗಂದ್ರೆ ನಮ್ಮ ಹಾಗೇ ಅನ್ನಿ.” ಅವರ ಮುಖ ಅರಳಿತು. “ಕೊಡ್ತೀನಿ, ಮೇಡಂ. ಆದ್ರೆ ಯಾರೂ ಮೇಲೆ ನಿಲ್ಲಬಾರದು.”

ಶುಕ್ರವಾರ ಹನ್ನೊಂದಕ್ಕೆ ತಪಾಸಣಾಧಿಕಾರಿ ಬಂದರು. ಐವತ್ತೈದರ ಆಸುಪಾಸಿನ, ಎತ್ತರದ, ಮಾತು ಕಡಿಮೆಯ ಮನುಷ್ಯ. ಮಕ್ಕಳಸ್ನೇಹಿ ಕೋಣೆಯಲ್ಲಿ ಅಜ್ಜಿ ಮತ್ತು ಲಾಯರಮ್ಮ ಆಗಲೇ ಕೂತಿದ್ದರು. ಲಾಯರಮ್ಮ ಆಟಿಕೆ ಪೆಟ್ಟಿಗೆಯಿಂದ ಒಂದು ಕರಡಿಯನ್ನು ತೆಗೆದು ಅದರ ಕತ್ತಿನ ಬೆಲೆಚೀಟಿ ಓದುತ್ತಿದ್ದಳು. ಕಚೇರಿಯಲ್ಲಿ ಫ್ಯಾನು ತಿರುಗುತ್ತಿದ್ದುದು ಆ ಕೋಣೆಯಲ್ಲಿ ಮಾತ್ರ. ಆದ್ದರಿಂದ ತಪಾಸಣಾಧಿಕಾರಿ ಕಡತಗಳನ್ನೂ ಇಲ್ಲೇ ನೋಡುವೆನೆಂದು ಒಂದು ಪುಟ್ಟ ಕುರ್ಚಿಯಲ್ಲಿ ಕೂತರು. ಮೊಣಕಾಲು ಗಲ್ಲಕ್ಕೆ ಬಂದವು. ಟ್ಯಾಬ್ಲೆಟ್ಟನ್ನು ನೀಲಿ ಮೇಜಿನ ಮೇಲಿಟ್ಟು, “ನಿನ್ನೆಯ ಮನೆ ತಪಾಸಣೆಗಳಿಂದ ಶುರು ಮಾಡೋಣ,” ಎಂದರು.

ಮೊದಲ ಮನೆಯ ಫೋಟೊ ತೆರೆಯಿತು. ನೀಲಿ ಮೇಜು, ಬಲಮೂಲೆಯಲ್ಲಿ ಕಪ್ಪು ಕಲೆ.

ಅವರು ಟ್ಯಾಬ್ಲೆಟ್ಟನ್ನು ಎತ್ತಿ ಕೆಳಗೆ ನೋಡಿದರು. ಮತ್ತೆ ಇಟ್ಟರು. ಎರಡನೆಯ ಮನೆಯ ಫೋಟೊ ತೆರೆದರು. ಹೂವಿನ ಬಟ್ಟೆಯ ಕೆಳಗೆ ಹಿಡಿ ಇಲ್ಲದ ಡ್ರಾಯರ್ ಕಾಣುತ್ತಿತ್ತು. ಮತ್ತೆ ಎತ್ತಿ ನೋಡಿದರು.

“ಈ ಮೇಜು ಕಚೇರಿಯದೇ?”

“ಹೌದು, ಸಾರ್,” ಅಧೀಕ್ಷಕರು ಹೇಳಿದರು. “ಎರಡು ವರ್ಷದಿಂದ ಇಲ್ಲೇ ಇದೆ.”

“ನಿನ್ನೆ?”

“ನಿನ್ನೆಯೂ, ಸಾರ್.”

ತಪಾಸಣಾಧಿಕಾರಿ ಟ್ಯಾಬ್ಲೆಟ್ಟನ್ನು ಅಧೀಕ್ಷಕರ ಕಡೆ ತಿರುಗಿಸಿದರು. ಅಧೀಕ್ಷಕರು ಫೋಟೊ ನೋಡಿದರು, ಮೇಜು ನೋಡಿದರು, ಆಮೇಲೆ ಫ್ಯಾನು ನೋಡಿದರು. ಗುಮಾಸ್ತ ನೀರು ತರುತ್ತೇನೆಂದು ಹೊರಟುಹೋದ. ಕ್ಷೇತ್ರಾಧಿಕಾರಿ ಒಂದು ಹೆಜ್ಜೆ ಮುಂದೆ ಬಂದು, “ಸಾರ್, ತಪ್ಪು ನನ್ನದು,” ಎನ್ನುವಷ್ಟರಲ್ಲಿ ಲಾಯರಮ್ಮ ಕರಡಿಯನ್ನು ಪಕ್ಕಕ್ಕಿಟ್ಟಳು.

“ಅದು ಬಡಗಿ ಮಾವಂದು, ಅಂಕಲ್. ನಿನ್ನೆ ಬೆಳಿಗ್ಗೆ ಅವರ ಮನೆ, ಆಮೇಲೆ ಒಂದನೇ ಮನೆ, ಆಮೇಲೆ ಎರಡನೇ ಮನೆ, ಆಮೇಲೆ ನಮ್ಮನೆ. ಈಗ ನಿಮ್ಮನೆ.”

“ಅಯ್ಯೋ ದೇವರೇ,” ಅಜ್ಜಿ ಕಣ್ಣು ಮುಚ್ಚಿಕೊಂಡರು.

“ಯಾಕೆ ಹೀಗೆ ಮಾಡಿದಿರಿ?” ತಪಾಸಣಾಧಿಕಾರಿ ಹುಡುಗಿಯನ್ನೇ ಕೇಳಿದರು.

“ಮೇಜಿಲ್ಲ ಅಂದ್ರೆ ನನ್ನನ್ನ ಅಜ್ಜಿ ಹತ್ರ ಬಿಡಲ್ವಂತೆ. ಬಾಲಗೃಹಕ್ಕೆ ಕಳಿಸ್ತಾರಂತೆ.” ಸ್ವಲ್ಪ ಯೋಚಿಸಿ ಅಧೀಕ್ಷಕರ ಕಡೆ ಬೆರಳು ತೋರಿಸಿದಳು. “ಇವರ ಆಫೀಸಿಗೂ ಮೇಜಿಲ್ಲ. ಇವರನ್ನ ಎಲ್ಲಿಗೆ ಕಳಿಸ್ತಾರೆ?”

ಬಾಗಿಲ ಹೊರಗೆ ನೀರಿನ ಲೋಟ ಹಿಡಿದು ನಿಂತಿದ್ದ ಗುಮಾಸ್ತನಿಂದ ಒಂದು ಸದ್ದು ಬಂತು. ಅದು ಕೆಮ್ಮು ಎಂದು ಅವನು ಇಂದಿಗೂ ವಾದಿಸುತ್ತಾನೆ.

ತಪಾಸಣಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು.

“ನೀನು ನಿಜವಾಗಿ ಎಲ್ಲಿ ಕೂತು ಓದ್ತೀಯ?”

“ಅಜ್ಜಿ ಹೊಲಿಗೆ ಮಷಿನ್ ಹಲಗೆ ಮೇಲೆ.”

“ಅಜ್ಜಿ ಹೊಲೀತಿರುವಾಗ?”

“ಅಜ್ಜಿ ತುಳಿದ್ರೆ ಅಕ್ಷರ ಕುಣಿಯುತ್ತೆ. ಅದಕ್ಕೇ ಸಂಜೆ ಆರರಿಂದ ಎಂಟರವರೆಗೆ ಅಜ್ಜಿ ಗುಂಡಿ ಹಾಕ್ತಾರೆ. ಗುಂಡಿಗೆ ಮಷಿನ್ ಬೇಡ, ಕೈಯಲ್ಲೇ ಆಗುತ್ತೆ. ಇಡೀ ದಿನದ ಗುಂಡಿ ಎಲ್ಲ ಆ ಹೊತ್ತಿಗೆ ಅಂತ ಇಟ್ಕೊಂಡಿರ್ತಾರೆ.”

“ಅದೇನು ದೊಡ್ಡ ವಿಷಯ ಅಂತ ಹೇಳ್ತಿದೀಯೇ,” ಅಜ್ಜಿ ಗೊಣಗಿದರು.

“ಮೇಜಿರೋ ಮನೆ ಮಕ್ಕಳೂ ಇಷ್ಟು ಓದಲ್ಲ, ಸಾರ್,” ಕ್ಷೇತ್ರಾಧಿಕಾರಿ ಹೇಳಿದರು. “ಶಾಲೆಯಿಂದ ತಂದ ಅಂಕಪಟ್ಟಿ ಕಡತದಲ್ಲಿದೆ. ಮಿಕ್ಕ ಇಪ್ಪತ್ತೊಂದು ಅಂಶಕ್ಕೂ ‘ಹೌದು’ ಬಂದಿದೆ, ಹದಿನಾಲ್ಕನೇದು ಮಾತ್ರ ನಾನು ತುಂಬಿಲ್ಲ. ‘ಹೌದು’ ಅಂದ್ರೆ ಸುಳ್ಳು, ‘ಇಲ್ಲ’ ಅಂದ್ರೆ ಅನ್ಯಾಯ. ಮೂರನೇ ಗುಂಡಿ ಅದರಲ್ಲಿಲ್ಲ.”

“ಹದಿನಾಲ್ಕನೇ ಅಂಶ ಬರೆದದ್ದು ನಾನೇ,” ತಪಾಸಣಾಧಿಕಾರಿ ಹೇಳಿದರು.

ಅಧೀಕ್ಷಕರ ಮುಖದಲ್ಲಿ ಉಳಿದಿದ್ದ ಬಣ್ಣವೂ ಇಳಿಯಿತು.

“ಫಾರಂ ಸಮಿತಿಯಲ್ಲಿ ನಾನಿದ್ದೆ. ಮೊದಲ ಪುಟ ಹದಿಮೂರಕ್ಕೆ ಮುಗಿದಿತ್ತು. ಕೆಳಗೆ ಒಂದು ಸಾಲಿಗೆ ಜಾಗ ಉಳಿದಿತ್ತು. ಖಾಲಿ ಬಿಟ್ಟರೆ ಚೆನ್ನಾಗಿ ಕಾಣಲ್ಲ ಅಂತ ಅಧ್ಯಕ್ಷರು ಅಂದರು. ಎಲ್ಲರಿಗೂ ಮನೆಗೆ ಹೋಗುವ ಆತುರ. ನಮ್ಮೆದುರಿಗೆ ಒಂದು ಮೇಜಿತ್ತು.”

“ಎದುರಿಗೆ ಬಾಗಿಲು ಇದ್ದಿದ್ರೆ?” ಲಾಯರಮ್ಮ ಕೇಳಿದಳು.

“ಬಾಗಿಲು ಬರೀತಿದ್ವಿ.”

“ಬಾಗಿಲು ನಮ್ಮನೇಲಿ ಎರಡಿದೆ,” ಎಂದು ಅವಳು ಬೇಸರದಿಂದ ಹೇಳಿದಳು.

ಮಧ್ಯಾಹ್ನವೆಲ್ಲ ಅಧಿಕಾರಿಗಳು ಟ್ಯಾಬ್ಲೆಟ್ಟಿನ ಜೊತೆ ಹೋರಾಡಿದರು. ತಪಾಸಣಾಧಿಕಾರಿಗೆ ಯಾವುದೇ ಅಂಶದಿಂದ ಒಂದು ಮನೆಗೆ ವಿನಾಯಿತಿ ಕೊಡುವ ಅಧಿಕಾರವಿತ್ತು. ಆದರೆ ಆ ಅಧಿಕಾರವನ್ನು ಆವರೆಗೆ ಯಾರೂ ಬಳಸಿರಲಿಲ್ಲ. ಬಳಸುವುದು ಎಲ್ಲಿ ಎಂದು ಕೇಂದ್ರ ಕಚೇರಿಗೆ ಫೋನು ಮಾಡಿದರೆ, ಹಾಗೊಂದು ಅಧಿಕಾರ ಇದೆಯೇ ಎಂದು ಅವರೇ ತಿರುಗಿ ಕೇಳಿದರು. ಕಡೆಗೆ ಗುಮಾಸ್ತ ಏಳನೆಯ ಪರದೆಯಲ್ಲಿ ಅದನ್ನು ಪತ್ತೆ ಹಚ್ಚಿದ. ಕಾರಣಗಳ ಪಟ್ಟಿ ತೆರೆಯಿತು: ಪ್ರವಾಹ, ಬೆಂಕಿ, ಭೂಕಂಪ, ಸಾಂಕ್ರಾಮಿಕ ರೋಗ, ಇತರೆ.

“ಭೂಕಂಪ ಹಾಕಿಬಿಡಿ, ಸಾರ್,” ಗುಮಾಸ್ತ ಸಲಹೆ ಕೊಟ್ಟ. “ಹೆಚ್ಚು ಬರೆಯೋದಿರಲ್ಲ.”

“ಯಾವಾಗ ಆಯ್ತು ಅಂತ ಕೇಳಿದ್ರೆ?”

“ಇವತ್ತು ಹನ್ನೊಂದೂ ಕಾಲಿಗೆ, ಸಾರ್. ಈ ಕೋಣೇಲೇ ಆಯ್ತಲ್ಲ.”

ಅಧೀಕ್ಷಕರು ಅವನನ್ನು ಸುಡುವಂತೆ ನೋಡಿದರು.

‘ಇತರೆ’ ಎಂದು ಒತ್ತಿದರೆ ಕಾರಣ ಬರೆಯಲು ಒಂದೇ ಸಾಲಿನ ಜಾಗ ಸಿಗುತ್ತಿತ್ತು. ತಪಾಸಣಾಧಿಕಾರಿ ಮೊದಲು ಬರೆದದ್ದು ನೀತಿಯ ಆಶಯದಿಂದ ಶುರುವಾಗಿ ಆಶಯದ ಮಧ್ಯದಲ್ಲೇ ತುಂಡಾಯಿತು. ಎರಡನೆಯದು ಮಗುವಿನ ಹಿತಾಸಕ್ತಿಯವರೆಗೆ ಹೋಗಿ ನಿಂತಿತು. ಗೋಡೆ ಗಡಿಯಾರ ನಾಲ್ಕೂ ನಲವತ್ತು ತೋರಿಸಿತು. ಅಜ್ಜಿ ಅದರಿಂದ ಕಣ್ಣು ಕೀಳಲಿಲ್ಲ. ಅಜ್ಜಿಯ ಸೆರಗು ಮತ್ತೆ ಲಾಯರಮ್ಮನ ಮುಷ್ಟಿಯಲ್ಲಿತ್ತು.

“ನೀವು ನಿನ್ನೆ ನೋಡಿದ್ದನ್ನು ಹೇಳಿ,” ತಪಾಸಣಾಧಿಕಾರಿ ಕ್ಷೇತ್ರಾಧಿಕಾರಿಯತ್ತ ತಿರುಗಿದರು. “ಅಷ್ಟನ್ನೇ ಹೇಳಿ.”

“ಹೊಲಿಗೆ ಯಂತ್ರದ ಮೇಲೆ ಎರಡು ನೋಟ್‌ಬುಕ್, ಒಂದು ಪೆನ್ಸಿಲ್. ಪಕ್ಕದಲ್ಲಿ ಗುಂಡಿಯ ಡಬ್ಬಿ.”

ತಪಾಸಣಾಧಿಕಾರಿ ಬರೆದರು: ‘ಮೇಜು ಇಲ್ಲ. ಹೊಲಿಗೆ ಯಂತ್ರದ ಮೇಲೆ ಓದುತ್ತಾಳೆ. ಅಷ್ಟು ಸಾಕು.’ ಸಾಲಿನಲ್ಲಿ ಹಿಡಿಸಿತು. ನಾಲ್ಕೂ ಐವತ್ತೆರಡಕ್ಕೆ ಫಾರಂ ಹೋಯಿತು. ಮಿಕ್ಕ ಎರಡು ಮನೆಗಳ ‘ಹೌದು’ಗಳನ್ನೂ ತಿದ್ದಿ ವಿನಾಯಿತಿ ಹಾಕಿದಾಗ ಐದಕ್ಕೆ ಒಂದು ನಿಮಿಷವಿತ್ತು.

ಆಮೇಲೆ ಅವರು ಕಚೇರಿಯ ತಪಾಸಣಾ ಫಾರಂ ತೆರೆದರು. ‘ಮಕ್ಕಳಸ್ನೇಹಿ ಕೋಣೆಯಲ್ಲಿ ಮೇಜು ಇದೆಯೇ?’ ಎಂಬಲ್ಲಿ ‘ಇಲ್ಲ’ ಎಂದು ಒತ್ತಿದರು.

“ಸಾರ್, ನಮಗೂ ಇತರೆ ಅಂತ ಏನಾದರೂ...” ಅಧೀಕ್ಷಕರು ತಡವರಿಸಿದರು.

“ನೀವು ಗುಂಡಿ ಹಾಕ್ತೀರಾ?” ತಪಾಸಣಾಧಿಕಾರಿ ಕೇಳಿದರು.

ಐದೂ ಹತ್ತರ ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳು ಮನೆಗೆ ಹೋದರು. ಮಂಗಳವಾರ ಅಧೀಕ್ಷಕರಿಗೂ ಪಕ್ಕದ ಎರಡು ಜಿಲ್ಲೆಗಳ ಅಧೀಕ್ಷಕರಿಗೂ ಒಂದೇ ಸೆಟ್ ಮೂರು ಕಚೇರಿಗಳಲ್ಲಿ ಓಡಾಡಿದ್ದಕ್ಕೆ ವಿವರಣೆ ಕೇಳಿ ನೋಟಿಸು ಬಂತು. ಎರಡು ಫಾರಂಗಳಲ್ಲಿ ಸರಿಯಾಗಿ ನೋಡದೆ ‘ಹೌದು’ ಒತ್ತಿದ್ದಕ್ಕೆ ಕ್ಷೇತ್ರಾಧಿಕಾರಿಗೆ ಒಂದು ಎಚ್ಚರಿಕೆ ಪತ್ರ ಬಂತು. ಅವರು ಅದನ್ನು ಓದಿ, ದಿನಾಂಕ ಹಾಕಿ ಸಹಿ ಮಾಡಿದರು. ಹದಿನಾಲ್ಕನೆಯ ಅಂಶವನ್ನು ಮರುಪರಿಶೀಲಿಸಲು ನೇಮಕವಾದ ಸಮಿತಿ ಈವರೆಗೆ ಎರಡು ಸಭೆ ನಡೆಸಿದೆ. ಆ ಸಾಲನ್ನು ತೆಗೆದರೆ ಪುಟದ ಕೆಳಗೆ ಏನು ಹಾಕುವುದೆಂದು ತೀರ್ಮಾನವಾಗಿಲ್ಲ.

ಬುಧವಾರ ಬಂದ ಆದೇಶದ ಪ್ರಕಾರ ಹುಡುಗಿ ಇನ್ನೊಂದು ವರ್ಷ ಅಜ್ಜಿಯ ಹತ್ತಿರವೇ ಇರುತ್ತಾಳೆ.